ಕ್ರೆಡಿಟ್ ಅಂದರು, ಕೈಗಡ ಕೊಟ್ಟರು: ಅಮೆರಿಕದ ‘ಮೊದಲ ಮನೆ’ ತೆರಿಗೆ ಕಥೆ

ಇಬ್ಬರು ಗೆಳೆಯರು ಇದ್ದರು ಅಂದುಕೊಳ್ಳಿ. ಅಮೆರಿಕದ ಒಂದೇ ಬೀದಿಯಲ್ಲಿ, ಎದುರುಬದುರು, ಒಂದೇ ಬೆಲೆಯ ಮನೆ ಕೊಂಡರು. ಇಬ್ಬರಿಗೂ ಅದು ಮೊದಲ ಮನೆ. ಒಬ್ಬನ ಹೆಸರಿಗೆ ಮನೆ ಆಗಿದ್ದು 2008ರ ಡಿಸೆಂಬರ್ 31ಕ್ಕೆ. ಇನ್ನೊಬ್ಬನಿಗೆ ಕಾಗದಪತ್ರ ಎರಡು ದಿನ ತಡವಾಯಿತು, 2009ರ ಜನವರಿ 2ಕ್ಕೆ ಆಯಿತು. ಇಬ್ಬರೂ ‘ಫಸ್ಟ್ ಟೈಮ್ ಹೋಮ್‌ಬೈಯರ್ ಕ್ರೆಡಿಟ್’ ಎಂಬ ಸೌಲಭ್ಯ ಪಡೆದರು. ಹೆಸರು ಒಂದೇ, ತುಂಬಿದ ಫಾರಂ ಕೂಡ ಒಂದೇ, 5405.

ಮೊದಲನೆಯವನಿಗೆ 7,500 ಡಾಲರ್ ಸಿಕ್ಕಿತು. ಅಷ್ಟನ್ನೂ ಅವನು 15 ವರ್ಷ ಕಂತು ಕಟ್ಟಿ ತೀರಿಸಬೇಕಾಯಿತು. ಎರಡನೆಯವನಿಗೆ 8,000 ಡಾಲರ್ ಸಿಕ್ಕಿತು. ಮೂರು ವರ್ಷ ಅದೇ ಮನೆಯಲ್ಲಿ ಇದ್ದ, ಒಂದು ಸೆಂಟ್ ಕೂಡ ವಾಪಸ್ ಕೊಡಲಿಲ್ಲ.

ಮೊದಲನೆಯವನ ಹೊಟ್ಟೆ ಉರಿಯದೆ ಇರುತ್ತದಾ? ಎರಡು ದಿನಕ್ಕೆ ಇಷ್ಟು ವ್ಯತ್ಯಾಸ ಹೇಗೆ ಬಂತು ಅನ್ನುವುದು ಗೊತ್ತಾದರೆ ಈ ಇಡೀ ಯೋಜನೆ ಅರ್ಥವಾದ ಹಾಗೆ. ಅದಕ್ಕೆ ಮೊದಲು ‘ಟ್ಯಾಕ್ಸ್ ಕ್ರೆಡಿಟ್’ ಅನ್ನುವ ಪದವನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಗೊಂದಲ ಶುರುವಾಗುವುದೇ ಅಲ್ಲಿಂದ.

ತೆರಿಗೆ ಉಳಿಸುವ ದಾರಿ ಅಂದ ತಕ್ಷಣ ನಮಗೆಲ್ಲ ನೆನಪಾಗುವುದು ಡಿಡಕ್ಷನ್. ಅಂದರೆ, ತೆರಿಗೆ ಲೆಕ್ಕ ಹಾಕುವ ಮೊದಲೇ ಆದಾಯದಿಂದ ಒಂದಿಷ್ಟನ್ನು ಕಳೆಯುವುದು. 8,000 ಡಾಲರ್ ಡಿಡಕ್ಷನ್ ಸಿಕ್ಕರೆ 8,000 ಉಳಿಯುವುದಿಲ್ಲ. ನೀವು 15% ತೆರಿಗೆ ಕಟ್ಟುವವರಾದರೆ 1,200 ಉಳಿಯುತ್ತದೆ. 25% ಕಟ್ಟುವವರಾದರೆ 2,000. ಜಾಸ್ತಿ ಸಂಬಳ ಇದ್ದವರಿಗೆ ಜಾಸ್ತಿ ಲಾಭ. ಕ್ರೆಡಿಟ್ ಹಾಗಲ್ಲ. ಅದು ಆದಾಯದಿಂದ ಅಲ್ಲ, ತೆರಿಗೆಯಿಂದಲೇ ಕಳೆಯುತ್ತದೆ. ನಿಮ್ಮ ತೆರಿಗೆ 10,000 ಬಂದಿತ್ತು, 8,000 ಕ್ರೆಡಿಟ್ ಇದೆ, ಕಟ್ಟಬೇಕಾದದ್ದು 2,000. ಅಷ್ಟೇ ಲೆಕ್ಕ.

ಹಾಗಾದರೆ ತೆರಿಗೆ ಬಂದಿದ್ದೇ 3,000 ಆದರೆ? ಇಲ್ಲಿ ಕ್ರೆಡಿಟ್ ಎರಡು ಜಾತಿ ಆಗುತ್ತದೆ. ಒಂದರಲ್ಲಿ ತೆರಿಗೆ ಸೊನ್ನೆ ಆಗುತ್ತದೆ, ಮಿಕ್ಕಿದ 5,000 ಕೈಗೆ ಬರುವುದಿಲ್ಲ. ಇನ್ನೊಂದಕ್ಕೆ ರಿಫಂಡಬಲ್ ಅನ್ನುತ್ತಾರೆ. ಅದರಲ್ಲಿ ಆ 5,000ಕ್ಕೆ ಸರ್ಕಾರ ಚೆಕ್ ಬರೆದು ಕಳಿಸುತ್ತದೆ. ನಮ್ಮ ಇಬ್ಬರು ಗೆಳೆಯರಿಗೆ ಸಿಕ್ಕಿದ್ದು ಈ ಎರಡನೇ ಜಾತಿಯದು. ಕಡಿಮೆ ಸಂಬಳದವರಿಗೂ ಪೂರ್ತಿ ದುಡ್ಡು ಸಿಗುವ ಹಾಗಿತ್ತು. ಮೋಸ ಮಾಡುವವರ ಕಣ್ಣು ಬಿದ್ದದ್ದೂ ಅದಕ್ಕೇ. ಆ ಕಥೆ ಮುಂದೆ ಬರುತ್ತದೆ.

2008: ಹೆಸರಿಗೆ ಕ್ರೆಡಿಟ್

2006ರ ಸುಮಾರಿಗೆ ಅಮೆರಿಕದಲ್ಲಿ ಮನೆಗಳ ಬೆಲೆ ಏರಿದ್ದಷ್ಟೂ ಏರಿ, ಅಲ್ಲಿಂದ ಜಾರತೊಡಗಿತು. ತೀರಿಸುವ ಶಕ್ತಿ ಇಲ್ಲದವರಿಗೂ ಬ್ಯಾಂಕುಗಳು ಸಾಲ ಕೊಟ್ಟಿದ್ದವು. ಕಂತು ನಿಂತಿತು, ಮನೆಗಳು ಜಪ್ತಿ ಆದವು, ಜಪ್ತಿಯಾದ ಮನೆಗಳು ಮಾರಾಟಕ್ಕೆ ಬಂದವು, ಬೆಲೆ ಇನ್ನೂ ಬಿತ್ತು. ಬೀದಿ ಬೀದಿಯಲ್ಲಿ ಖಾಲಿ ಮನೆ.

ಖಾಲಿ ಮನೆ ಕಡಿಮೆ ಆಗಬೇಕಾದರೆ ಯಾರಾದರೂ ಕೊಳ್ಳಬೇಕು. ಆದರೆ ಯಾರು? ಈಗಾಗಲೇ ಮನೆ ಇರುವವನು ಇನ್ನೊಂದು ಕೊಂಡು ಅಲ್ಲಿಗೆ ಹೋದರೆ ತನ್ನ ಹಳೆಯದನ್ನು ಮಾರುತ್ತಾನೆ. ಒಂದು ತುಂಬಿತು, ಒಂದು ಖಾಲಿ ಆಯಿತು. ಲೆಕ್ಕ ಸಮ. ಬಾಡಿಗೆ ಮನೆಯಲ್ಲಿ ಇರುವವನು ಕೊಂಡರೆ ಮಾತ್ರ ಮಾರಾಟಕ್ಕಿರುವ ಮನೆಗಳಲ್ಲಿ ಒಂದು ನಿಜಕ್ಕೂ ಕಡಿಮೆ ಆಗುತ್ತದೆ. ಮೊದಲ ಸಲ ಮನೆ ಕೊಳ್ಳುವವರನ್ನೇ ಹಿಡಿದದ್ದು ಈ ಕಾರಣಕ್ಕೆ. ಯುವ ಸಂಸಾರಗಳ ಮೇಲಿನ ಪ್ರೀತಿಯೇ ಮುಖ್ಯ ಕಾರಣ ಅಂತ ನನಗೆ ಅನ್ನಿಸುವುದಿಲ್ಲ.

ಇದು ತೀರಾ ಹೊಸ ಉಪಾಯವೂ ಅಲ್ಲ. 1975ರಲ್ಲಿ, ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾಗಿದ್ದಾಗ, ಬಿಲ್ಡರ್‌ಗಳ ಹತ್ತಿರ ಮಾರಾಟವಾಗದೆ ಉಳಿದ ಹೊಸ ಮನೆ ಕೊಂಡವರಿಗೆ ಬೆಲೆಯ 5%, ಅಂದರೆ ಗರಿಷ್ಠ 2,000 ಡಾಲರ್ ಕ್ರೆಡಿಟ್ ಕೊಟ್ಟಿದ್ದರು. ಅದು ಮೊದಲ ಮನೆಯೇ ಆಗಬೇಕು ಅಂತ ಆಗ ಇರಲಿಲ್ಲ.

2008ರ ಜುಲೈ 30ರಂದು ಅಧ್ಯಕ್ಷ ಜಾರ್ಜ್ ಬುಷ್ ಒಂದು ದೊಡ್ಡ ವಸತಿ ಕಾಯ್ದೆಗೆ ಸಹಿ ಹಾಕಿದರು. ಅದರೊಳಗೆ ಈ ಕ್ರೆಡಿಟ್ ಇತ್ತು. ಮನೆ ಬೆಲೆಯ 10%, ಗರಿಷ್ಠ 7,500 ಡಾಲರ್. ಏಪ್ರಿಲ್ 9ರಿಂದ ಕೊಂಡವರಿಗೆ ಅನ್ವಯ. ಅಂದರೆ ಕಾಯ್ದೆ ಹುಟ್ಟುವ ಮೊದಲೇ ಮನೆ ಕೊಂಡಿದ್ದ ಕೆಲವರಿಗೂ ಸಿಕ್ಕಿತು. ಏಪ್ರಿಲ್ 8ಕ್ಕೆ ಕೊಂಡವರಿಗೆ ಇಲ್ಲ.

ಆದರೆ ಕಾಯ್ದೆಯ ಒಳಗೆ ಒಂದು ಕೊಕ್ಕೆ ಇತ್ತು. ಪಡೆದ ಹಣವನ್ನು 15 ಸಮ ಕಂತಿನಲ್ಲಿ ವಾಪಸ್ ಕೊಡಬೇಕು. 7,500 ಪಡೆದವರಿಗೆ ವರ್ಷಕ್ಕೆ 500 ಡಾಲರ್. ಬಡ್ಡಿ ಇಲ್ಲ. ಮೊದಲ ಕಂತು 2010ರ ತೆರಿಗೆ ಲೆಕ್ಕದಲ್ಲಿ.

ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಪದ ಇದೆ: ಕೈಗಡ. ಬಡ್ಡಿ ಇಲ್ಲದೆ ಕೊಟ್ಟು, ಆಮೇಲೆ ನಿಧಾನಕ್ಕೆ ಇಸಿದುಕೊಳ್ಳುವುದು. ಕೈಗಡ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬಡ್ಡಿ ಇಲ್ಲದೆ 15 ವರ್ಷಕ್ಕೆ 7,500 ಡಾಲರ್ ಯಾವ ಬ್ಯಾಂಕೂ ಕೊಡುವುದಿಲ್ಲ. ನನ್ನ ತಕರಾರು ಹೆಸರಿನ ಮೇಲೆ. ಕ್ರೆಡಿಟ್ ಅಂದರೆ ಬಂದ ದುಡ್ಡು ನಮ್ಮದು ಅಂತಲೇ ಜನ ತಿಳಿಯುತ್ತಾರೆ. ಸಾಲವನ್ನು ಸಾಲ ಅಂತ ಕರೆದಿದ್ದರೆ ಅಷ್ಟು ಜನ ಮುಗಿಬೀಳುತ್ತಿರಲಿಲ್ಲ, ಆದರೆ ಬೈಸಿಕೊಳ್ಳುವುದಾದರೂ ತಪ್ಪುತ್ತಿತ್ತು.

2009: ಈ ಸಲ ನಿಜವಾಗಿಯೂ ಕೊಟ್ಟರು

ಕೈಗಡಕ್ಕೆ ಮಾರುಕಟ್ಟೆ ಬಗ್ಗಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ಎಂಬ ದೊಡ್ಡ ಹೂಡಿಕೆ ಬ್ಯಾಂಕ್ ದಿವಾಳಿ ಆಯಿತು. ಕೆಲಸ ಹೋಗುವ ಭಯದಲ್ಲಿ ಮನೆ ಕೊಳ್ಳುವ ಮಾತೆಲ್ಲಿ? ಹೊಸ ಅಧ್ಯಕ್ಷ ಬರಾಕ್ ಒಬಾಮ ಬಂದರು. 2009ರ ಫೆಬ್ರವರಿ 17ಕ್ಕೆ ಡೆನ್ವರ್‌ನಲ್ಲಿ ಆರ್ಥಿಕ ಚೇತರಿಕೆಯ ದೊಡ್ಡ ಪ್ಯಾಕೇಜಿಗೆ ಸಹಿ ಬಿತ್ತು. ಅದರಲ್ಲಿ ಈ ಕ್ರೆಡಿಟ್ಟಿನ ರೂಪ ಬದಲಾಯಿತು. ಗರಿಷ್ಠ ಮೊತ್ತ 8,000 ಆಯಿತು. ಮುಖ್ಯವಾಗಿ, ಕಂತು ಹೋಯಿತು. ಮೂರು ವರ್ಷ, ಅಂದರೆ 36 ತಿಂಗಳು ಅದೇ ಮನೆಯಲ್ಲಿ ವಾಸ ಮಾಡಿದರೆ ಏನೂ ವಾಪಸ್ ಕೊಡಬೇಕಾಗಿಲ್ಲ. ಅಷ್ಟರೊಳಗೆ ಬಿಟ್ಟು ಹೋದರೆ ಮಾತ್ರ ವಸೂಲಿ. ಇದನ್ನು 15,000 ಡಾಲರಿಗೆ ಏರಿಸಬೇಕು ಅಂತ ಜಾರ್ಜಿಯಾದ ಸೆನೆಟರ್ ಜಾನಿ ಐಸಾಕ್ಸನ್ ಪಟ್ಟು ಹಿಡಿದಿದ್ದರು. ರಾಜಕೀಯಕ್ಕೆ ಬರುವ ಮೊದಲು ಅವರು ರಿಯಲ್ ಎಸ್ಟೇಟ್ ವ್ಯವಹಾರದಲ್ಲಿದ್ದವರು. ಸೆನೆಟ್ ಒಪ್ಪಿತ್ತು ಕೂಡ. ಕೊನೆಯ ಚೌಕಾಸಿಯಲ್ಲಿ ಅದು ಹಾರಿಹೋಯಿತು.

ಹೊಸ ನಿಯಮ ಅನ್ವಯವಾಗಿದ್ದು 2009ರ ಜನವರಿ 1ರಿಂದ ಕೊಂಡ ಮನೆಗಳಿಗೆ. ನಮ್ಮ ಮೊದಲ ಗೆಳೆಯ ಸಿಕ್ಕಿಬಿದ್ದದ್ದು ಇಲ್ಲೇ. 2008ರಲ್ಲಿ ಕೊಂಡವರ ಕೈಗಡ ಹಾಗೇ ಉಳಿಯಿತು. ಸಾಲ ಮನ್ನಾ ಆಗಲಿಲ್ಲ. ಸುಮಾರು 10 ಲಕ್ಷ ಜನ ಆ ಗುಂಪಿನಲ್ಲಿದ್ದರು.

ಕೊಳ್ಳುವವರ ಆತುರಕ್ಕೆ ಇನ್ನೊಂದು ಅನುಕೂಲವೂ ಇತ್ತು. 2009ರಲ್ಲಿ ಮನೆ ಕೊಂಡವರು 2010ರ ತನಕ ಕಾಯಬೇಕಾಗಿರಲಿಲ್ಲ. 2008ರ ರಿಟರ್ನ್‌ನಲ್ಲೇ ಕ್ರೆಡಿಟ್ ಕೇಳಬಹುದಿತ್ತು. ಅದನ್ನು ಆಗಲೇ ಸಲ್ಲಿಸಿದ್ದರೆ ತಿದ್ದಿ ಮತ್ತೆ ಸಲ್ಲಿಸಬಹುದಿತ್ತು. ಮನೆ ಕೊಂಡ ವರ್ಷವೇ ಕೈಗೆ ದುಡ್ಡು.

2009ರ ನವೆಂಬರ್ 30ಕ್ಕೆ ಇದು ಮುಗಿಯಬೇಕಿತ್ತು. ಮುಗಿಯಲಿಲ್ಲ. ನವೆಂಬರ್ 6ಕ್ಕೆ ಇನ್ನೊಂದು ಕಾಯ್ದೆ ಬಂತು. 2010ರ ಏಪ್ರಿಲ್ 30ರ ಒಳಗೆ ಕರಾರು ಆಗಬೇಕು, ಜೂನ್ 30ರ ಒಳಗೆ ಮನೆ ಹೆಸರಿಗೆ ಬರಬೇಕು ಅಂದರು. ಬ್ಯಾಂಕುಗಳಲ್ಲಿ ಕಡತ ರಾಶಿ ಬಿದ್ದು ಸಾವಿರಾರು ಜನ ಗಡುವು ತಪ್ಪುವ ಹಾಗಾಯಿತು. ಮನೆ ಹೆಸರಿಗೆ ಬರುವ ಕೊನೆಯ ದಿನವನ್ನು ಸೆಪ್ಟೆಂಬರ್ 30ಕ್ಕೆ ತಳ್ಳಿದರು. ನವೆಂಬರ್ ಕಾಯ್ದೆಯಲ್ಲೇ, ಹಳೆಯ ಮನೆಯಲ್ಲಿ ಬಹಳ ವರ್ಷ ಇದ್ದು ಹೊಸದು ಕೊಳ್ಳುವವರಿಗೂ 6,500 ಡಾಲರ್ ಅಂತ ಸೇರಿಸಿದ್ದರು. ಹಳೆಯ ಮನೆ ಮಾರಿ ಹೊಸದು ಕೊಂಡರೆ ಲೆಕ್ಕ ಸಮ ಅಂತ ಆಗಲೇ ನೋಡಿದೆವು. ಹಾಗಾದರೆ ಈ 6,500 ಯಾಕೆ? ನನ್ನ ಪ್ರಕಾರ ಇದು ಆರ್ಥಿಕತೆಗಿಂತ ಹೆಚ್ಚಾಗಿ ಮತದ ಲೆಕ್ಕ.

‘ಮೊದಲ ಸಲ’ ಅಂದರೆ ಮೂರು ವರ್ಷ

ಎಲ್ಲರೂ ಎಡವುವ ಜಾಗ ಇದು. ಈ ಕಾಯ್ದೆಯಲ್ಲಿ ಮೊದಲ ಸಲ ಅಂದರೆ ಜೀವನದಲ್ಲೇ ಮೊದಲ ಸಲ ಅಂತ ಅಲ್ಲ. ಮನೆ ಕೊಳ್ಳುವ ದಿನಕ್ಕೆ ಹಿಂದಿನ ಮೂರು ವರ್ಷದಲ್ಲಿ ನೀವೇ ವಾಸ ಇರುವ ಸ್ವಂತ ಮನೆ ಇರಬಾರದು, ಅಷ್ಟೇ. ಹತ್ತು ವರ್ಷದ ಹಿಂದೆ ಮನೆ ಇತ್ತು, ಮಾರಿ ಬಾಡಿಗೆಗೆ ಹೋದಿರಿ ಅಂದರೆ ನೀವು ಮತ್ತೆ ‘ಮೊದಲ ಸಲದವರು’. ಸ್ವಂತ ಹೆಸರಿನಲ್ಲಿ ಮನೆ ಇದೆ, ಆದರೆ ಅದು ಬಾಡಿಗೆಗೆ ಕೊಟ್ಟದ್ದು, ನೀವು ಬೇರೆ ಕಡೆ ಬಾಡಿಗೆಗೆ ಇದ್ದೀರಿ ಅಂದರೂ ಆಗುತ್ತಿತ್ತು. ಆದರೆ ಗಂಡ ಹೆಂಡತಿ ಇಬ್ಬರೂ ಈ ಪರೀಕ್ಷೆ ಪಾಸಾಗಬೇಕು. ಒಬ್ಬರಿಗೆ ಎರಡು ವರ್ಷದ ಹಿಂದೆ ಸ್ವಂತ ಮನೆ ಇದ್ದರೆ ಇನ್ನೊಬ್ಬರಿಗೂ ಇಲ್ಲ.

ಪೌರತ್ವ ಬೇಕಾಗಿರಲಿಲ್ಲ. ತೆರಿಗೆಯ ಲೆಕ್ಕದಲ್ಲಿ ಅಮೆರಿಕದ ನಿವಾಸಿ ಆಗಿದ್ದರೆ ಸಾಕು. ಎಚ್-1ಬಿ ವೀಸಾದ ಮೇಲೆ ಹೋಗಿ ನಿವಾಸಿ ಅನ್ನಿಸಿಕೊಳ್ಳುವಷ್ಟು ದಿನ ಅಲ್ಲಿದ್ದವರಿಗೂ ಬಾಗಿಲು ತೆರೆದಿತ್ತು. ತಂದೆ ತಾಯಿ, ಅಜ್ಜ ಅಜ್ಜಿ, ಮಕ್ಕಳು ಮೊಮ್ಮಕ್ಕಳಿಂದ ಮನೆ ಕೊಂಡರೆ ಮಾತ್ರ ಇಲ್ಲ. ಮನೆಯೊಳಗೇ ಕೈ ಬದಲಾಯಿಸಿ ಸರ್ಕಾರದ ದುಡ್ಡು ಹೊಡೆಯುತ್ತಾರೆ ಅನ್ನುವ ಅನುಮಾನ. ತಾವೇ ಮನೆ ಕಟ್ಟಿಸಿಕೊಂಡವರಿಗೆ ‘ಕೊಂಡ ದಿನ’ ಯಾವುದು? ಒಳಗೆ ವಾಸಕ್ಕೆ ಹೋದ ಮೊದಲ ದಿನ.

ಆದಾಯ ಜಾಸ್ತಿ ಇದ್ದವರಿಗೆ ಕ್ರೆಡಿಟ್ ಕರಗುತ್ತಾ ಹೋಗುತ್ತಿತ್ತು. ಒಬ್ಬರೇ ಆದರೆ 75,000 ಡಾಲರ್ ತನಕ ಪೂರ್ತಿ, 95,000ಕ್ಕೆ ಸೊನ್ನೆ. ದಂಪತಿಗೆ 1,50,000ದಿಂದ 1,70,000. ಅಂದರೆ 85,000 ಸಂಬಳದ ಒಂಟಿ ವ್ಯಕ್ತಿ ಸರಿಯಾಗಿ ನಡುವೆ ಇದ್ದಾನೆ, ಅವನಿಗೆ 8,000ದಲ್ಲಿ ಅರ್ಧ, 4,000. 2009ರ ನವೆಂಬರ್ ಕಾಯ್ದೆ ಈ ಮಿತಿಯನ್ನು 1,25,000 ಮತ್ತು 2,25,000ಕ್ಕೆ ಎತ್ತಿತು. ಹಾಗೇ 8 ಲಕ್ಷ ಡಾಲರಿಗಿಂತ ದುಬಾರಿ ಮನೆಗೆ ಇಲ್ಲ ಅಂದಿತು. ಕೊಳ್ಳುವವರಿಗೆ ಕನಿಷ್ಠ 18 ವರ್ಷ ಆಗಿರಬೇಕು ಅಂತಲೂ ಬರೆಯಿತು.

ಕೊನೆಯದನ್ನು ಓದಿ ನಗು ಬರುತ್ತದೆ, ಅಲ್ವಾ? ಮನೆ ಕೊಳ್ಳಲು 18 ಆಗಿರಬೇಕು ಅಂತ ಬರೆಯಬೇಕಾ? ಬರೆಯಬೇಕಾಯಿತು. ತೆರಿಗೆ ಇಲಾಖೆಯ ಮೇಲೆ ಕಣ್ಣಿಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2009ರಲ್ಲಿ ಲೆಕ್ಕ ತೆಗೆದಾಗ 18 ತುಂಬದ ನೂರಾರು ಜನರ ಹೆಸರಿನಲ್ಲಿ ಕ್ರೆಡಿಟ್ ಕೇಳಿದ್ದು ಕಂಡಿತು. ಅದರಲ್ಲಿ ಅತಿ ಕಿರಿಯ ‘ಮನೆ ಮಾಲೀಕ’ನ ವಯಸ್ಸು 4. ಅಪ್ಪ ಅಮ್ಮನ ಆದಾಯ ಮಿತಿ ಮೀರಿದ್ದರೆ ಮಗುವಿನ ಹೆಸರಿನಲ್ಲಿ ಕೇಳಿಬಿಡುವ ಉಪಾಯ.

2010ರ ಜೂನ್ ವರದಿ ಇನ್ನೂ ಮಜವಾಗಿತ್ತು. 1,295 ಕೈದಿಗಳು ಜೈಲಿನಲ್ಲಿದ್ದಾಗ ಮನೆ ಕೊಂಡೆವು ಅಂತ ಹೇಳಿ 91 ಲಕ್ಷ ಡಾಲರ್ ಪಡೆದಿದ್ದರು. ಅವರಲ್ಲಿ 241 ಜನ ಜೀವಾವಧಿ ಶಿಕ್ಷೆಯಲ್ಲಿದ್ದವರು. ಒಂದೇ ಒಂದು ಮನೆ ತೋರಿಸಿ 67 ಜನ ಕ್ರೆಡಿಟ್ ಕೇಳಿದ ಉದಾಹರಣೆಯೂ ಸಿಕ್ಕಿತು. ಮೊದಲು ಮನೆ ಕೊಂಡದ್ದಕ್ಕೆ ಕಾಗದವನ್ನೇ ಕೇಳುತ್ತಿರಲಿಲ್ಲ. ಫಾರಂ ತುಂಬಿದರೆ ಚೆಕ್ ಬರುತ್ತಿತ್ತು. ನವೆಂಬರ್ ಕಾಯ್ದೆಯ ನಂತರವೇ ಖರೀದಿ ಲೆಕ್ಕದ ಪತ್ರ ಲಗತ್ತಿಸಬೇಕು ಅನ್ನುವ ನಿಯಮ ಬಂದದ್ದು.

ಕೈಗಡ ತೀರಿಸುವಾಗಿನ ಸಿಕ್ಕು

ಮೊದಲ ಗೆಳೆಯನ ಹತ್ತಿರ ವಾಪಸ್ ಬರೋಣ. ವರ್ಷಕ್ಕೆ 500 ಡಾಲರ್ ದೊಡ್ಡ ಹೊರೆಯೇನಲ್ಲ. ಅದು ಬೇರೆ ಬಿಲ್ಲಾಗಿ ಬರುವುದಿಲ್ಲ, ಆ ವರ್ಷದ ತೆರಿಗೆಗೆ ಸೇರಿಕೊಳ್ಳುತ್ತದೆ. ರಿಫಂಡ್ ಬರಬೇಕಾಗಿದ್ದರೆ ಅದರಲ್ಲೇ 500 ಕಡಿಮೆ. ಕಷ್ಟ ಶುರುವಾಗುವುದು ಆ ಮನೆ ಬಿಡಬೇಕಾದಾಗ.

ಅವನು 2,00,000 ಡಾಲರಿಗೆ ಕೊಂಡ ಮನೆಯನ್ನು 2012ರಲ್ಲಿ 1,70,000ಕ್ಕೆ ಸಂಬಂಧಿಕರಲ್ಲದವರಿಗೆ ಮಾರಿದ ಅನ್ನಿ. ನಿಯಮದ ಪ್ರಕಾರ, ಮಾರಿದ ವರ್ಷ ಬಾಕಿ ಪೂರ್ತಿ ಕಟ್ಟಬೇಕು. ಆದರೆ ಮಾರಾಟದಲ್ಲಿ ಬಂದ ಲಾಭಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಇಲ್ಲಿ ಲಾಭವೇ ಇಲ್ಲ, ನಷ್ಟ. ಬಾಕಿ ಅಲ್ಲಿಗೆ ಚುಕ್ತಾ. ಇದು ನ್ಯಾಯ.

ಈಗ ಇನ್ನೊಂದು ದಾರಿ ನೋಡಿ. ಅವನಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿತು. ಮನೆ ಬೆಲೆ ಬಿದ್ದಿದೆ, ಮಾರಿದರೆ ಬ್ಯಾಂಕ್ ಸಾಲವೂ ತೀರುವುದಿಲ್ಲ. ಸರಿ, ಬಾಡಿಗೆಗೆ ಕೊಟ್ಟು ಹೊರಟ. ಆ ಕ್ಷಣಕ್ಕೆ ಅದು ಅವನ ಮುಖ್ಯ ವಾಸದ ಮನೆ ಅಲ್ಲ. ಮಾರಾಟ ಆಗಿಲ್ಲ, ಹಾಗಾಗಿ ಲಾಭ ನಷ್ಟದ ರಕ್ಷಣೆಯೂ ಇಲ್ಲ. 2010 ಮತ್ತು 2011ರ ಎರಡು ಕಂತು ಕಟ್ಟಿದ್ದಾನೆ, ಉಳಿದ 6,500 ಡಾಲರ್ 2012ರ ತೆರಿಗೆ ಜೊತೆ ಒಂದೇ ಏಟಿಗೆ. ನಷ್ಟಕ್ಕೆ ಮಾರಿದವನು ಪಾರಾದ. ನಷ್ಟ ತಪ್ಪಿಸಿಕೊಳ್ಳಲು ಮನೆ ಇಟ್ಟುಕೊಂಡವನು ಸಿಕ್ಕಿಬಿದ್ದ. ಇಡೀ ಕಾಯ್ದೆಯಲ್ಲಿ ನನಗೆ ಅತಿ ಒರಟು ಅನ್ನಿಸಿದ ಜಾಗ ಇದು. ಬೆಲೆ ಕುಸಿತದಿಂದ ಕಾಪಾಡುತ್ತೇವೆ ಅಂತ ಬಂದ ಯೋಜನೆ, ಬೆಲೆ ಕುಸಿತಕ್ಕೆ ಸಿಕ್ಕಿದವನನ್ನೇ ಹಿಡಿಯಿತು.

ಕೆಲವು ಸಂದರ್ಭಕ್ಕೆ ಮಾತ್ರ ನಿಯಮ ಮೆದು ಇತ್ತು. ಕ್ರೆಡಿಟ್ ಪಡೆದವರು ತೀರಿಕೊಂಡರೆ ಅವರ ಪಾಲಿನ ಬಾಕಿ ಇಲ್ಲ. ವಿಚ್ಛೇದನದಲ್ಲಿ ಮನೆ ಒಬ್ಬರ ಹೆಸರಿಗೆ ಹೋದರೆ ಬಾಕಿಯೂ ಅವರ ಜೊತೆಗೇ ಹೋಗುತ್ತದೆ. ಮನೆ ಬೆಂಕಿಗೋ ಬಿರುಗಾಳಿಗೋ ಹೋದರೆ, ಎರಡು ವರ್ಷದಲ್ಲಿ ಇನ್ನೊಂದು ಕೊಂಡರೆ ಹಳೆಯ ಕಂತೇ ಮುಂದುವರಿಯುತ್ತದೆ.

2010ರಿಂದ ಎಣಿಸಿದರೆ 15ನೇ ಕಂತು 2024ರ ತೆರಿಗೆ ವರ್ಷಕ್ಕೆ ಬೀಳುತ್ತದೆ. ಅದರ ರಿಟರ್ನ್ ಸಲ್ಲಿಸಿದ್ದು 2025ರಲ್ಲಿ. ಮನೆ ಬಿಡದೆ ಅಲ್ಲೇ ಇದ್ದವರು ಕೊನೆಯ 500 ಡಾಲರ್ ಕಟ್ಟಿದ್ದು ಆಗ. ಬುಷ್ ಕೊಟ್ಟ ಕೈಗಡ ಒಬಾಮ, ಟ್ರಂಪ್, ಬೈಡನ್ ಎಲ್ಲರನ್ನೂ ದಾಟಿ ಬಂತು.

ಇಷ್ಟೆಲ್ಲ ಮಾಡಿ ಮನೆ ಮಾರಾಟ ಹೆಚ್ಚಿತಾ? ಗಡುವಿನ ಮುಂಚೆ ಹೆಚ್ಚಿತು, ಖಂಡಿತ. 2009ರ ನವೆಂಬರ್‌ನಲ್ಲಿ ಒಂದು ಏರು, 2010ರ ಏಪ್ರಿಲ್‌ನಲ್ಲಿ ಇನ್ನೊಂದು. ಆಮೇಲೆ 2010ರ ಜುಲೈನಲ್ಲಿ ಹಳೆಯ ಮನೆಗಳ ಮಾರಾಟ ಹಿಂದಿನ ತಿಂಗಳಿಗಿಂತ ಸುಮಾರು 27% ಬಿತ್ತು. ಹೇಗೂ ಕೊಳ್ಳಲಿದ್ದವರು ಆರು ತಿಂಗಳು ಮೊದಲೇ ಕೊಂಡಿದ್ದರು. ಮಾರುವವರಿಗೂ ಲೆಕ್ಕ ಗೊತ್ತಿತ್ತಲ್ಲ. ಕೊಳ್ಳುವವನಿಗೆ 8,000 ಬರುತ್ತದೆ ಅಂತ ತಿಳಿದವನು ಬೆಲೆಯಲ್ಲಿ ಅಷ್ಟು ಸುಲಭವಾಗಿ ಇಳಿಯುತ್ತಾನಾ? ಕ್ರೆಡಿಟ್ಟಿನ ಒಂದು ಪಾಲು ಸದ್ದಿಲ್ಲದೆ ಅವನ ಜೇಬಿಗೂ ಹೋಗುತ್ತದೆ.

ಈಗ ಏನಿದೆ?

ಇವತ್ತು ಅಮೆರಿಕದಲ್ಲಿ ಮನೆ ಹುಡುಕುವ ನೆಂಟರು ‘15,000 ಡಾಲರ್ ಫಸ್ಟ್ ಟೈಮ್ ಹೋಮ್‌ಬೈಯರ್ ಕ್ರೆಡಿಟ್’ ಅಂತ ಎಲ್ಲೋ ಓದಿ ಕೇಳಿದರೆ, ಅದು ಕಾಯ್ದೆ ಅಲ್ಲ ಅಂತ ಹೇಳಿ. 2021ರಲ್ಲಿ ಅಂಥ ಮಸೂದೆ ಮಂಡನೆ ಆಗಿತ್ತು, ಪಾಸಾಗಲಿಲ್ಲ. 2024ರ ಮಾರ್ಚ್‌ನಲ್ಲಿ ಬೈಡನ್ ಎರಡು ವರ್ಷಕ್ಕೆ ಸೇರಿ 10,000 ಡಾಲರ್ ಕ್ರೆಡಿಟ್ ಪ್ರಸ್ತಾಪ ಮಾಡಿದರು. ಅದೂ ಮಾತಿನಲ್ಲೇ ಉಳಿಯಿತು.

ನಿಜವಾಗಿ ಇರುವುದು, ಯಾರೂ ಅಷ್ಟಾಗಿ ಮಾತಾಡದ ಒಂದು ಸೌಲಭ್ಯ. ಹೆಸರು ಮಾರ್ಟ್‌ಗೇಜ್ ಕ್ರೆಡಿಟ್ ಸರ್ಟಿಫಿಕೇಟ್. 1984ರಿಂದ ಇದೆ. ಇದನ್ನು ಕೊಡುವುದು ರಾಜ್ಯದ ಅಥವಾ ಸ್ಥಳೀಯ ವಸತಿ ಸಂಸ್ಥೆ. ಇಲ್ಲೂ ಸಾಮಾನ್ಯವಾಗಿ ‘ಮೊದಲ ಸಲ’ ಅಂದರೆ ಮೂರು ವರ್ಷದ ಲೆಕ್ಕವೇ. ಆದಾಯಕ್ಕೂ ಮನೆ ಬೆಲೆಗೂ ಮಿತಿ ಇದೆ. ಒಂದೇ ಸಲ ದೊಡ್ಡ ಚೆಕ್ ಬರುವುದಿಲ್ಲ. ಬದಲಿಗೆ ಪ್ರತಿ ವರ್ಷ ನೀವು ಕಟ್ಟಿದ ಗೃಹಸಾಲದ ಬಡ್ಡಿಯ ಒಂದು ಪಾಲು, 10ರಿಂದ 50% ತನಕ, ತೆರಿಗೆಯಲ್ಲಿ ಕಡಿತ ಆಗುತ್ತದೆ. ಆ ಮನೆಯಲ್ಲೇ ಇದ್ದು ಅದೇ ಸಾಲ ತೀರಿಸುತ್ತಿರುವಷ್ಟು ವರ್ಷವೂ ಸಿಗುತ್ತದೆ.

ಇದರಲ್ಲೊಂದು ವಿಚಿತ್ರ ಇದೆ. ಪಾಲು 20% ಮೀರಿದರೆ ವರ್ಷಕ್ಕೆ 2,000 ಡಾಲರ್ ಮಿತಿ ಬೀಳುತ್ತದೆ. 20% ಅಥವಾ ಕಡಿಮೆ ಇದ್ದರೆ ಆ ಮಿತಿ ಇಲ್ಲ. 2,00,000 ಡಾಲರ್ ಸಾಲಕ್ಕೆ 6% ಅಂದರೆ ಮೊದಲ ವರ್ಷ ಬಡ್ಡಿ ಸುಮಾರು 12,000. 20% ಸರ್ಟಿಫಿಕೇಟ್ ಇದ್ದವರಿಗೆ 2,400. 30% ಇದ್ದವರಿಗೆ ಲೆಕ್ಕದಲ್ಲಿ 3,600, ಕೈಗೆ 2,000. ದೊಡ್ಡ ಸಂಖ್ಯೆ ನೋಡಿ ಸುಮ್ನೆ ಖುಷಿ ಪಡಬಾರದು.

ಇದು ರಿಫಂಡಬಲ್ ಅಲ್ಲ. ನಿಮ್ಮ ತೆರಿಗೆ 1,500 ಇದ್ದು ಕ್ರೆಡಿಟ್ 2,400 ಇದ್ದರೆ ಉಳಿದ 900ಕ್ಕೆ ಚೆಕ್ ಬರುವುದಿಲ್ಲ, ಮುಂದಿನ ಮೂರು ವರ್ಷದೊಳಗೆ ಬಳಸಿಕೊಳ್ಳಬೇಕು. ಒಂಬತ್ತು ವರ್ಷದೊಳಗೆ ಮನೆಯನ್ನು ಲಾಭಕ್ಕೆ ಮಾರಿದರೆ, ಅಷ್ಟರಲ್ಲಿ ಆದಾಯವೂ ಮಿತಿ ದಾಟಿದ್ದರೆ, ಸರ್ಕಾರ ಒಂದು ಪಾಲು ವಾಪಸ್ ಕೇಳಬಹುದು. ಎಲ್ಲ ಕಡೆಯೂ ಈ ಸೌಲಭ್ಯ ಸಿಗುವುದಿಲ್ಲ. ಸಿಗುವ ಕಡೆಯೂ ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲೇ, ಈ ಯೋಜನೆಯಲ್ಲಿ ಸೇರಿಕೊಂಡಿರುವ ಬ್ಯಾಂಕಿನ ಮೂಲಕ ಅರ್ಜಿ ಹಾಕಬೇಕು. ಮನೆಗೆ ಹೋಗಿ ಹಾಲು ಉಕ್ಕಿಸಿದ ಮೇಲೆ ಕೇಳಿದರೆ ಕೊಡುವುದಿಲ್ಲ.